ಸ್ಟಾರ್ ಚಾರ್ಟೋ, ಮನೆಯ ಒಂದು ಕೆಲಸವೋ?

ಪ್ರೈಮರಿ ಶಾಲೆಯ ಮಕ್ಕಳಿಗೆ ಒಳ್ಳೆಯ ನಡತೆ ಕಲಿಸಲು ನಮ್ಮ ಶಿವಮೊಗ್ಗದ ಅಪ್ಪ-ಅಮ್ಮಂದಿರು ಈ ಎರಡರಲ್ಲಿ ಯಾವುದು ಸರಿ ಎಂದು ಕೇಳುತ್ತಿರುತ್ತಾರೆ.

ಸ್ಟಾರ್ ಚಾರ್ಟ್ ಎಂದರೆ ಮಗು ಒಳ್ಳೆಯದು ಮಾಡಿದಾಗಲೆಲ್ಲ ಒಂದು ಸ್ಟಾರ್ ಅಂಟಿಸುವ ಪಟ್ಟಿ. ಇದು ಬೇಗ ಫಲ ಕೊಡುತ್ತದೆ. ಚಪ್ಪಲಿ ಜೋಡಿಸುವುದು, ಮನೆಗೆ ಬಂದವರನ್ನು ಮಾತಾಡಿಸುವುದು, ಇಂಥ ಹೊಸ ಅಭ್ಯಾಸ ಶುರು ಮಾಡಿಸಲು ಒಳ್ಳೆಯದು. ಆದರೆ ಎಚ್ಚರ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಮಾನದ ಆಸೆಯಿಂದ ಚಿತ್ರ ಬರೆದ ಪುಟ್ಟ ಮಕ್ಕಳಿಗೆ ಆಮೇಲೆ ತಾವಾಗಿ ಬರೆಯುವ ಆಸಕ್ತಿ ಕಡಿಮೆಯಾಗಿತ್ತು. ಮಗು ಖುಷಿಯಿಂದಲೇ ಮಾಡುವ ಕೆಲಸಕ್ಕೆ ಸ್ಟಾರ್ ಬೇಡವೇ ಬೇಡ.

ಕೆಲಸ ವಹಿಸುವ ದಾರಿ ನಿಧಾನ. ಮಳೆಗಾಲದಲ್ಲಿ ಒದ್ದೆ ಕೊಡೆಗಳನ್ನು ಜಗಲಿಯಲ್ಲಿ ಬಿಡಿಸಿಡುವುದು, ಕರುವಿಗೆ ಹುಲ್ಲು ಹಾಕುವುದು, ತನ್ನ ತಟ್ಟೆ ತಾನೇ ತೊಳೆಯುವುದು. (ಬಿಸಿಯೂಟದ ಶಾಲೆಗಳಲ್ಲಿ ಎಷ್ಟೋ ಮಕ್ಕಳು ಇದನ್ನು ಮಾಡುತ್ತಲೇ ಇದ್ದಾರೆ, ಅಲ್ವಾ?) ಮರೆತರೆ ಏನಾಗುತ್ತದೆ ಎಂಬುದು ಮಗುವಿಗೇ ಗೊತ್ತಾಗುತ್ತದೆ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಕೊಡೆ ಇನ್ನೂ ಒದ್ದೆ! ಆಗ ಬೈಯಬೇಡಿ. ನೀವೇ ಓಡಿ ಒರೆಸಿ ಕೊಡಲೂಬೇಡಿ. ದೊಡ್ಡವರಿಗೆ ಕಷ್ಟವಾಗುವುದು ಇದೇ.

ನನ್ನ ಆಯ್ಕೆ ಎರಡನೆಯದು. ಒಂದನೇ ಕ್ಲಾಸಿನ ಮಗುವಾದರೆ ಮೊದಲ ಕೆಲವು ವಾರ ಸ್ಟಾರ್ ಇರಲಿ, ಅಭ್ಯಾಸ ಕೂತ ಮೇಲೆ ಚಾರ್ಟ್ ತೆಗೆದುಬಿಡಿ.