ಪುಣೆಯಿಂದ ಗೋವಾಕ್ಕೆ ಕಡಲಂಚಿನ ಸೈಕಲ್ ಟೂರ್: ಕೆಲವು ಸೀಸನ್ ಹೋಗಿ ಬಂದವರ ವಿಮರ್ಶೆ

ಪುಣೆಯಿಂದ ಹೊರಟು, ತಾಮ್ಹಿಣಿ ಘಾಟ್ ಇಳಿದು, ಕೊಂಕಣದ ಕಡಲಂಚು ಹಿಡಿದು ಗೋವಾ ಮುಟ್ಟುವ ಗುಂಪು ಸೈಕಲ್ ಟೂರ್ ಇದು. ಏಳು ದಿನ, 600 ಕಿ.ಮೀ. ಆಸುಪಾಸು. ಪುಣೆಯ ಒಂದು ಸಣ್ಣ ಕಂಪನಿ ನವೆಂಬರ್‌ನಿಂದ ಫೆಬ್ರವರಿ ತನಕ ನಡೆಸುತ್ತದೆ. ಕೋಥ್ರೂಡ್, ಹಿಂಜವಡಿ ಕಡೆಯ ನಾವೊಂದಿಷ್ಟು ಕನ್ನಡದವರು ಸುಮಾರು ವರ್ಷಗಳಿಂದ ಇವರ ಜೊತೆಗೇ ಹೋಗುತ್ತಿದ್ದೇವೆ. ಕಂಪನಿಯ ಹೆಸರು ಬರೆಯುವುದಿಲ್ಲ. ಕೆಳಗೆ ಹೊಗಳಿಕೆಯೂ ಇದೆ, ದೂರೂ ಇದೆ. ಇದೇ ದಾರಿಯಲ್ಲಿ ಟೂರ್ ಮಾಡಿಸುವವರು ಬೇರೆಯವರೂ ಇದ್ದಾರೆ. ಯಾರ ಜೊತೆ ಹೋದರೂ ನಾನು ನೋಡುವುದು ಒಂದನ್ನೇ: ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವರನ್ನು ಇವರು ಹೇಗೆ ನೋಡಿಕೊಳ್ಳುತ್ತಾರೆ?

ದಾರಿಗೆ ದುಡ್ಡು ಕೊಡಬೇಕಾಗಿಲ್ಲ. ರೇವಸ್‌ನಿಂದ ರೆಡಿ ತನಕ ಕರಾವಳಿ ರಸ್ತೆ ಇದ್ದೇ ಇದೆ, ಮೊಬೈಲ್ ಮ್ಯಾಪ್‌ನಲ್ಲೂ ಸಿಗುತ್ತದೆ. ಊಟ, ವಸತಿಯೂ ಅಷ್ಟೇ. ಶ್ರೀವರ್ಧನ್, ಹರ್ಣೈ, ಗುಹಾಗರ್, ಮಾಲ್ವಣ್, ಎಲ್ಲಿ ಹೋದರೂ ಮನೆ ಮುಂದೆ 'ಘರಗುತಿ', ಅಂದರೆ ಮನೆಯ ಥರದ್ದು, ಅನ್ನುವ ಬೋರ್ಡು ನೇತಾಡುತ್ತಿರುತ್ತದೆ. ಹಾಗಾದರೆ ತಲೆಗೆ ಇಪ್ಪತ್ತು ಸಾವಿರದ ಮೇಲೆ ಕೊಡುವುದು ಯಾಕೆ? ಹಿಂದೆ ಬರುವ ಟೆಂಪೊಗೆ, ಅದರಲ್ಲಿ ಕೂತ ಮೆಕ್ಯಾನಿಕ್‌ಗೆ, ಮತ್ತು ಕೊನೆಯ ಸೈಕಲ್‌ನ ಹಿಂದೆಯೇ ತಾಳ್ಮೆಯಿಂದ ಪೆಡಲ್ ತುಳಿಯುವ ಒಬ್ಬ ಹುಡುಗನಿಗೆ. ಅವನನ್ನು ಸ್ವೀಪ್ ಅನ್ನುತ್ತಾರೆ. ಈ ಮೂರು ಸರಿ ಇದ್ದರೆ ಟೂರ್ ಸರಿ.

ಕಡಲ ಪಕ್ಕದ ರಸ್ತೆ ಅಂದ ಕೂಡಲೇ ಸಪಾಟಾಗಿರುತ್ತದೆ ಅಂದುಕೊಂಡು ಬರುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಸಹ್ಯಾದ್ರಿಯಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಹೊಳೆಗಳೆಲ್ಲ ಗಿಡ್ಡ. ಸ್ವಲ್ಪ ದೂರ ಹರಿದು, ಆಳವಾದ ಖಾಡಿ, ಅಂದರೆ ಅಳಿವೆ, ಮಾಡಿಕೊಂಡು ಸಮುದ್ರ ಸೇರುತ್ತವೆ. ಎರಡು ಖಾಡಿಗಳ ನಡುವೆ ಕೆಂಪುಕಲ್ಲಿನ ಬೋಳು ಬಯಲು, ಅಲ್ಲಿನವರ ಮಾತಲ್ಲಿ ಸಡಾ. ಹಾಗಾಗಿ ರಸ್ತೆ ನೀರಿನ ಮಟ್ಟಕ್ಕೆ ಇಳಿಯುತ್ತದೆ, ಮತ್ತೆ ಸಡಾ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ದಿನದ ಏರಿಳಿತದ ಚಿತ್ರ ತೆಗೆದು ನೋಡಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಒಂದೊಂದು ಏರು ನೂರು, ನೂರೈವತ್ತು ಮೀಟರ್ ಎತ್ತರ ಅಷ್ಟೇ. ಆದರೆ ಕಡಿದಾಗಿರುತ್ತದೆ, ಮೇಲೆ ಹೋದರೆ ನೆರಳಿಲ್ಲ, ಮತ್ತು ಅದು ಇಡೀ ದಿನ ಮುಗಿಯುವುದಿಲ್ಲ. ಸಿಂಹಗಡ ಹತ್ತುವುದು ರೂಢಿ ಇದ್ದ ಪುಣೆಯ ಹುಡುಗರು ಕೂಡ ದೇವಗಡದ ಹೊತ್ತಿಗೆ ಸೈಕಲ್ ಇಳಿದು ತಳ್ಳುವುದನ್ನು ನೋಡಿದ್ದೇನೆ.

ಮೊದಲ ದಿನ ಮಾತ್ರ ಬೇರೆ ಥರ. ಪುಣೆ ಇರುವುದು ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿ. ಹಾಗಾಗಿ ಒಟ್ಟಾರೆ ಇಳಿತವೇ ಜಾಸ್ತಿ. ಪಿರಂಗುಟ್, ಪೌಡ್ ದಾಟಿದ ಮೇಲೆ ರಸ್ತೆ ಪಕ್ಕ ಮುಳಶಿ ಜಲಾಶಯ ಬರುತ್ತದೆ. ಟಾಟಾ ಅಣೆಕಟ್ಟಿಗೆ ಹೊಲ ಮುಳುಗುತ್ತದೆ ಎಂದು 1921ರಲ್ಲಿ ರೈತರು ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಜೊತೆ ಸತ್ಯಾಗ್ರಹ ಹೂಡಿದ ಜಾಗ ಅದು. ಟೂರ್‌ನವರು ಅಲ್ಲಿ ಬಾಳೆಹಣ್ಣು, ಚಿಕ್ಕಿ ಕೊಟ್ಟು ಹತ್ತು ನಿಮಿಷ ನಿಲ್ಲಿಸುತ್ತಾರೆ, ಆದರೆ ಈ ವಿಷಯ ಯಾರೂ ಹೇಳುವುದಿಲ್ಲ. ಹೇಳಿದರೆ ಏನು ಕಷ್ಟ? ಆಮೇಲೆ ತಾಮ್ಹಿಣಿ ಇಳಿದು ಮಾಣಗಾಂವ್. ಅಲ್ಲಿ ಮುಂಬೈ–ಗೋವಾ ಹೆದ್ದಾರಿ ಸಿಗುತ್ತದೆ. 2011ರಲ್ಲಿ ಅಗಲ ಮಾಡಲು ಹಿಡಿದ ರಸ್ತೆ ಅದು. ಅದರ ಪುರಾಣ ಬೇಡ ಬಿಡಿ. ಟೂರ್‌ನವರು ಅದರ ಮೇಲೆ ಜಾಸ್ತಿ ಹೊತ್ತು ಓಡಿಸುವುದಿಲ್ಲ, ಅದೊಂದು ಪುಣ್ಯ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಈ ದಾರಿಯಲ್ಲಿ ಹಲವು ಖಾಡಿಗಳಿಗೆ ಸೇತುವೆ ಇಲ್ಲ. ಬಾಗಮಂಡಲಾದಿಂದ ವೇಶ್ವಿಗೆ, ದಾಭೋಳದಿಂದ ಧೋಪಾವೆಗೆ, ತವಸಾಳದಿಂದ ಜಯಗಡಕ್ಕೆ, ಕೊನೆಗೆ ತೆರೆಖೋಲ್‌ನಿಂದ ಗೋವಾದ ಕೇರಿ ಬೀಚ್‌ಗೆ, ಎಲ್ಲ ಕಡೆ ಬಾರ್ಜ್‌ನಲ್ಲೇ, ಅಂದರೆ ವಾಹನ ಹತ್ತಿಸುವ ಚಪ್ಪಟೆ ದೋಣಿಯಲ್ಲೇ, ದಾಟಬೇಕು. ಕಾರು, ಲಾರಿ, ಬೈಕು, ಮೀನಿನ ಬುಟ್ಟಿ, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ಹತ್ತುತ್ತವೆ. ಊರಿನವರು ಜಂಗಲ್ ಜೆಟ್ಟಿ ಅನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಟೂರ್‌ನಲ್ಲಿ ಚೆಂದದ ಹೊತ್ತು ಇದೇ. ಕಾಲಿಗೆ ವಿಶ್ರಾಂತಿ, ಮೈಗೆ ಗಾಳಿ, ಮಾತಿಗೆ ಜನ. ಆದರೆ ಅದಕ್ಕೊಂದು ಹೊತ್ತಿದೆ. ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಸಂಜೆ ಕೊನೆಯದೂ ತಪ್ಪಿದರೆ ಖಾಡಿ ಸುತ್ತು ಹಾಕಿ ಬರಬೇಕು, ಸೈಕಲ್ ಮೇಲೆ ಅದು ಆಗದ ಮಾತು. ಅಂದರೆ ಗುಂಪಿನ ಕೊನೆಯವರು ಜೆಟ್ಟಿಗೆ ಯಾವಾಗ ಮುಟ್ಟುತ್ತಾರೆ ಅನ್ನುವುದರ ಮೇಲೆ ಇಡೀ ದಿನದ ಲೆಕ್ಕ ನಿಂತಿದೆ.

ಮೊದಮೊದಲು ಬ್ಯಾಚ್ ಸಣ್ಣದಿತ್ತು, ಹದಿನೈದರ ಒಳಗೆ. ಟೆಂಪೊ ಯಾವಾಗಲೂ ಕೊನೆಯವರ ಹಿಂದೆ. ಮುಂದೆ ಹೋದವರು ತಿರುವುಗಳಲ್ಲಿ ನೆಲಕ್ಕೆ ಸುಣ್ಣದ ಪುಡಿಯಲ್ಲಿ ಬಾಣ ಹಾಕುತ್ತಿದ್ದರು. ಸಡಾ ಮೇಲೆ ಮೊಬೈಲ್ ಸಿಗ್ನಲ್ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಆ ಬಾಣಗಳು ಮಾತ್ರ ಯಾವತ್ತೂ ಕೈ ಕೊಡಲಿಲ್ಲ. ಆಮೇಲೆ ಹೆಸರು ಬಂತು, ಬ್ಯಾಚ್ ದುಪ್ಪಟ್ಟಾಯಿತು. ಟೆಂಪೊ ಮಾತ್ರ ಒಂದೇ. ಆ ಸೀಸನ್‌ನಲ್ಲೇ ತವಸಾಳದ ಪ್ರಕರಣ ನಡೆದಿದ್ದು.

ನಮ್ಮ ಜೊತೆ ಕೋಥ್ರೂಡ್‌ನ ಒಬ್ಬ ನಿವೃತ್ತ ಟೀಚರ್ ಬಂದಿದ್ದರು. ಮೂಲ ಧಾರವಾಡ ಕಡೆಯವರು. ನಿಧಾನವಾಗಿ ತುಳಿಯುತ್ತಾರೆ, ಆದರೆ ನಿಲ್ಲುವುದಿಲ್ಲ. ಅವತ್ತು ಗುಹಾಗರ್ ದಾಟಿದ ಮೇಲೆ ಒಬ್ಬರ ಸೈಕಲ್ಲಿನ ಸ್ಪೋಕ್ ಮುರಿಯಿತು. ಟೆಂಪೊ ಅವರನ್ನು ಹತ್ತಿಸಿಕೊಂಡು ಮುಂದೆ ಹೋಯಿತು. ಜೋರಾಗಿ ತುಳಿಯುವವರಿಗೆ ನೀರು ಬೇಕು ಅಂತ ಮತ್ತೂ ಮುಂದೆ ಹೋಯಿತು. ಸ್ವೀಪ್ ಹುಡುಗನನ್ನೂ ಯಾವುದೋ ಕೆಲಸಕ್ಕೆ ಮುಂದೆ ಕರೆಸಿಕೊಂಡರು. ಕೊನೆಗೆ ಹಿಂದೆ ಉಳಿದದ್ದು ಟೀಚರ್ ಮತ್ತು ನಾನು. ನೀರು ಮುಗಿದಿತ್ತು. ರಸ್ತೆ ಕೆಲಸ ಮಾಡುತ್ತಿದ್ದ ಗ್ಯಾಂಗ್ ಒಂದು ಸಿಕ್ಕಿತು. ಟಾರು ಡ್ರಮ್ಮಿನ ಪಕ್ಕ ನಿಂತು ಅವರು ಮಾತಾಡುತ್ತಿದ್ದದ್ದು ಕನ್ನಡ. ವಿಜಯಪುರದ ಕಡೆಯವರು.

"ಎಲ್ಲಿಗಿ ಹೊಂಟೀರಿ ಅಕ್ಕಾರ?" ಅಂದ ಒಬ್ಬ.

"ಗೋವಾಕ್ಕಪ್ಪಾ."

ಅವನು ನಮ್ಮ ಸೈಕಲ್ ನೋಡಿದ, ನಮ್ಮನ್ನು ನೋಡಿದ. "ಯಾಕ್ರಿ, ಬಸ್ ಬಂದ್ ಅದಾವೇನ್ರಿ?"

ಟೀಚರ್ ನಕ್ಕಿದ್ದು ನಿಲ್ಲಲೇ ಇಲ್ಲ. ಗ್ಯಾಂಗಿನವರ ಕೊಡದಿಂದಲೇ ಬಾಟಲಿ ತುಂಬಿಸಿಕೊಂಡು ಹೊರಟೆವು. ಜೆಟ್ಟಿಗೆ ಬಂದಾಗ ನಮ್ಮ ಗುಂಪಿದ್ದ ಬಾರ್ಜ್ ಆಚೆ ದಡ ಮುಟ್ಟುತ್ತಿತ್ತು. ಮುಂದಿನದರಲ್ಲಿ ದಾಟಿದೆವು. ಕತ್ತಲಾಗುವ ಹೊತ್ತಿಗೆ ಗಣಪತಿಪುಳೆ ದಾರಿಯಲ್ಲಿ ಟೆಂಪೊ ಎದುರಾಯಿತು. ಟೀಚರ್‌ಗೆ ಸಿಟ್ಟು ಇರಲಿಲ್ಲ. ನನಗಿತ್ತು. ಅವತ್ತು ರಾತ್ರಿ ಮಾಲೀಕರ ಹತ್ತಿರ ಖಡಕ್ಕಾಗಿಯೇ ಹೇಳಿದೆ: ಜೋರಾಗಿ ಹೋಗುವವನಿಗೆ ನಿಮ್ಮ ಟೆಂಪೊ ಬೇಡ, ಅವನು ಅಂಗಡಿಯಲ್ಲಿ ನೀರು ಕೊಂಡುಕೊಳ್ಳುತ್ತಾನೆ. ದುಡ್ಡು ಕೊಟ್ಟು ಬರುವುದು ಹಿಂದಿನವರಿಗಾಗಿ.

ಮಾಲೀಕರು ವಾದ ಮಾಡಲಿಲ್ಲ, ಅದನ್ನೂ ಹೇಳಬೇಕು. ಮುಂದಿನ ಸೀಸನ್‌ನಿಂದ ಎರಡು ಗಾಡಿ. ಒಂದು ಮುಂದೆ ಓಡಾಡಿಕೊಂಡಿರುತ್ತದೆ, ಇನ್ನೊಂದು ಕೊನೆಯ ಸೈಕಲ್ ದಾಟಿ ಹೋಗುವಂತಿಲ್ಲ. ಎಲ್ಲರೂ ಬರುವ ತನಕ ಯಾರೂ ಬಾರ್ಜ್ ಹತ್ತುವಂತಿಲ್ಲ. ಈ ನಿಯಮಕ್ಕೆ ಜೋರಿನವರು ಗೊಣಗುತ್ತಾರೆ. ಗೊಣಗಲಿ. ಜೆಟ್ಟಿಯ ಪಕ್ಕ ಕೋಕಂ ಶರಬತ್ತು ಸಿಗುತ್ತದೆ, ಕುಡಿಯುತ್ತಾ ಕೂರಬಹುದು. ಬೆಲೆ ಮಾತ್ರ ಏರಿತು. ನನಗದು ದುಬಾರಿ ಅನಿಸಲಿಲ್ಲ.

ಅವರು ಕೊಡುವ ಬಾಡಿಗೆ ಸೈಕಲ್ ಬಗ್ಗೆ ಹೇಳುತ್ತೇನೆ. ಹೈಬ್ರಿಡ್, ಮುಂದೆ ಮೂರು ಹಿಂದೆ ಎಂಟು ಗೇರ್, ಟೈರ್ ಅಗಲ 38 ಮಿ.ಮೀ. ಈ ರಸ್ತೆಗೆ ಅದೇ ಸರಿ. ತೆಳು ಟೈರಿನ ರೇಸಿಂಗ್ ಸೈಕಲ್ ತಂದವರು ಕಿತ್ತುಹೋದ ಟಾರು, ಕೆಂಪುಕಲ್ಲಿನ ಹರಳಿನ ಮೇಲೆ ಪಂಕ್ಚರ್ ಹಾಕುತ್ತಲೇ ಇರುತ್ತಾರೆ. ಬ್ರೇಕ್ ಬಗ್ಗೆ ನನಗೆ ದೂರಿತ್ತು. ಹಳೆಯ ಸೈಕಲ್‌ಗಳಲ್ಲಿ ರಿಮ್ ಬ್ರೇಕ್ ಇತ್ತು, ಖಾಡಿಗೆ ಇಳಿಯುವ ತಿರುವುಗಳಲ್ಲಿ ಕೈ ಸೋತು ಹೋಗುತ್ತಿತ್ತು. ಈಗ ಎಲ್ಲದಕ್ಕೂ ಡಿಸ್ಕ್ ಬ್ರೇಕ್ ಹಾಕಿದ್ದಾರೆ. ಆದರೆ ಡಿಸೆಂಬರ್‌ನಲ್ಲಿ ಬಂದವರು ಸವೆಸಿದ ಪ್ಯಾಡನ್ನೇ ಜನವರಿಯವರಿಗೆ ಕೊಟ್ಟದ್ದೂ ಉಂಟು. ಸೈಕಲ್ ಕೈಗೆ ಬಂದ ಕೂಡಲೇ ಪ್ಯಾಡ್ ನೋಡಿ, ತೆಳ್ಳಗಿದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ. ಮೆಕ್ಯಾನಿಕ್ ದಾದಾ ಒಳ್ಳೆಯವನು, ಕೇಳಿದರೆ ಇಲ್ಲ ಅನ್ನುವುದಿಲ್ಲ. ಕೇಳದಿದ್ದರೆ ಅವನಾಗಿ ನೋಡುವುದೂ ಇಲ್ಲ. ಸ್ವಂತ ಸೈಕಲ್ ತಂದರೆ ದಿನಾ ಸಂಜೆ ಸಿಹಿನೀರಲ್ಲಿ ಚೈನ್ ತೊಳೆದು ಎಣ್ಣೆ ಬಿಡಬೇಕು. ಉಪ್ಪುಗಾಳಿ, ಮರಳು ಎರಡೂ ಸೇರಿ ವಾರದಲ್ಲಿ ಚೈನಿಗೆ ತುಕ್ಕು ಹಿಡಿಸುತ್ತವೆ.

ಊಟ ಚೆನ್ನಾಗಿದೆ. ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಮೊದಲೆಲ್ಲ ಬಟಾಟೆ ಭಾಜಿ, ಮತ್ತೆ ಬಟಾಟೆ ಭಾಜಿ. ಈಗ ಮೊಳಕೆ ಕಾಳಿನ ಉಸಳ್, ಕೋಕಂ–ತೆಂಗಿನ ಹಾಲಿನ ಸೋಲ್‌ಕಢಿ ಬರುತ್ತದೆ, ಬೆಳಿಗ್ಗೆ ಘಾವಣೆ. ನಮ್ಮ ನೀರ್ದೋಸೆಯ ಹತ್ತಿರದ ನೆಂಟ, ಎಷ್ಟು ತಿಂದರೂ ಏರಿನಲ್ಲಿ ಹೊಟ್ಟೆ ಭಾರ ಅನಿಸುವುದಿಲ್ಲ. ರೂಮುಗಳು ಸಾಧಾರಣ, ಬಿಸಿನೀರು ಬರುತ್ತದೆ, ಮುಗೀತು.

ಹೊಸದಾಗಿ ಸೇರಿಸಿದ ಒಂದು ನಿಲುಗಡೆ ನನಗೆ ತುಂಬಾ ಹಿಡಿಸಿತು. ರತ್ನಾಗಿರಿ ದಾಟಿದ ಮೇಲೆ ಕಶೇಳಿಯ ಸಡಾ ಮೇಲೆ ಕಲ್ಲಿನಲ್ಲಿ ಕೊರೆದ ದೊಡ್ಡ ಆನೆ ಚಿತ್ರ ಇದೆ. ಅದರ ಮೈಯೊಳಗೆ ಮೀನು, ಹಕ್ಕಿ, ಮೃಗಗಳ ಇನ್ನೂ ಎಷ್ಟೋ ಗೆರೆಗಳು. ಕೊಂಕಣದ ಇಂಥ ಕಲ್ಲಿನ ಚಿತ್ರಗಳು 2022ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದವು. ಕಾರಿನಲ್ಲಿ ಹೋದರೆ ಸಡಾ ಅಂದರೆ ಬರೀ ಬೋಳು ನೆಲ, ದಾಟಿ ಹೋಗಿಬಿಡುತ್ತೇವೆ. ಅದನ್ನೇ ಬೆವರು ಸುರಿಸಿ ಹತ್ತಿ ಬಂದ ಮೇಲೆ, ಸಾವಿರಾರು ವರ್ಷ ಹಿಂದೆ ಇಲ್ಲಿ ಕೂತು ಯಾರೋ ಕಲ್ಲು ಕೊರೆದರಲ್ಲ ಅಂತ ನಿಂತು ನೋಡುವ ಹಾಗಾಗುತ್ತದೆ. ಮಾಲ್ವಣದಲ್ಲಿ ಶಿವಾಜಿ 1664ರಲ್ಲಿ ಕಟ್ಟಲು ಶುರು ಮಾಡಿದ ಕಡಲಕೋಟೆ ಸಿಂಧುದುರ್ಗಕ್ಕೆ ಮಾತ್ರ ಒಂದೇ ಗಂಟೆ ಕೊಡುತ್ತಾರೆ. ದೋಣಿಗೆ ಕಾಯುವುದರಲ್ಲೇ ಅರ್ಧ ಹೋಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ತಿದ್ದಿಕೊಂಡಿಲ್ಲ.

ಯಾರು ಹೋಗಬಹುದು? ಡೆಕ್ಕನ್ ಕ್ಲಿಫ್‌ಹ್ಯಾಂಗರ್ ಅಂತ ಪುಣೆಯಿಂದ ಗೋವಾಕ್ಕೆ 643 ಕಿ.ಮೀ. ರೇಸ್ ಇದೆ. ಅದರ ತಯಾರಿಗೆ ಅಂತ ಬಂದರೆ ನಿಮಗೆ ಇಲ್ಲಿ ಬೇಜಾರಾಗುತ್ತದೆ. 200 ಕಿ.ಮೀ. ಬ್ರೆವೆಯನ್ನು, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಯನ್ನು, ಹದಿಮೂರೂವರೆ ಗಂಟೆಯೊಳಗೆ ಮುಗಿಸುವವರಿಗೂ ದಿನಕ್ಕೆ 80–100 ಕಿ.ಮೀ. ಕಮ್ಮಿ ಅನಿಸೀತು. ಸತತ ಎರಡು ದಿನ 60 ಕಿ.ಮೀ. ತುಳಿದು ಮೂರನೆಯ ದಿನ ಎದ್ದು ಓಡಾಡಲು ಆಗುವವರಿಗೆ ಇದು ಹೇಳಿ ಮಾಡಿಸಿದ್ದು. ಪುಣೆ ಪಕ್ಕದ ಕಾತ್ರಜ್ ಹಳೆಯ ಘಾಟ್ ಹತ್ತಿ ನೋಡಿ, ಗೊತ್ತಾಗುತ್ತದೆ. ಸಾತಾರಾ, ಕೊಲ್ಹಾಪುರ, ಅಂಬೋಲಿ ಮೇಲೆ ಹೋಗುವ ಇವರದೇ ಇನ್ನೊಂದು ಟೂರ್ ಇದೆ. ದೂರ ಕಡಿಮೆ, ಅಂಬೋಲಿ ಇಳಿಯುವುದೂ ಚೆಂದ. ಆದರೆ ಅದಕ್ಕೆ ಮುಂಚೆ ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ದಿನಗಟ್ಟಲೆ ಹೋಗಬೇಕು. ನಾನಂತೂ ಶಿಫಾರಸು ಮಾಡುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಕೇಳಿ: ಬ್ಯಾಚ್‌ನಲ್ಲಿ ಎಷ್ಟು ಜನ, ಗಾಡಿ ಎಷ್ಟು, ಸ್ವೀಪ್ ಯಾರು, ಬಾರ್ಜ್‌ಗೆ ಎಲ್ಲರೂ ಕಾಯುತ್ತಾರಾ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಜನವರಿ ಬ್ಯಾಚ್ ಸಿಕ್ಕರೆ ಒಳ್ಳೆಯದು. ಫೆಬ್ರವರಿ ಕೊನೆಗೆ ಸಡಾ ಮೇಲೆ ಹತ್ತು ಗಂಟೆಗೇ ನೆಲ ಕಾದಿರುತ್ತದೆ. ವಾಪಸ್ ಬರುವಾಗ ಸೈಕಲ್‌ಗಳನ್ನು ಟೆಂಪೊದಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಮಧ್ಯೆ ರಟ್ಟು ಇಡಿ ಅಂದರೆ ಇಡುತ್ತಾರೆ, ಇಲ್ಲದಿದ್ದರೆ ಇಲ್ಲ. ಸ್ವಂತ ಸೈಕಲ್ ಆದರೆ ನಿಂತು ಹೇಳಿ ಇಡಿಸಿ. ಹಿಂದಿನ ಗೇರ್ ಹ್ಯಾಂಗರ್ (ಗೇರ್ ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು) ಒಂದು ಎಕ್ಸ್‌ಟ್ರಾ ಬ್ಯಾಗಿನಲ್ಲಿರಲಿ. ನಿಮ್ಮ ಮಾಡೆಲ್‌ದು ಪುಣೆಯಲ್ಲಿ ಸಿಗುತ್ತದೆ, ಗುಹಾಗರ್‌ನಲ್ಲಿ ಸಿಗುವುದಿಲ್ಲ.