ಕೈಯಿಂದ ತಿರುಗಿಸುವ ಡ್ರೈನ್ ಸ್ಪ್ರಿಂಗ್: ಕಲಬುರಗಿಯ ಮನೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಐದು ಮೀಟರ್ ಉದ್ದದ ಉಕ್ಕಿನ ಸುರುಳಿ, ಅದನ್ನು ಸುತ್ತಿಡಲು ಪ್ಲಾಸ್ಟಿಕ್ ಡಬ್ಬಿ, ತಿರುಗಿಸಲು ಒಂದು ಹಿಡಿ. ಕಟ್ಟಿದ ಮೋರಿ ಬಿಡಿಸುವ ಈ ಉಪಕರಣ ಇಷ್ಟೇ. ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅಡುಗೆಮನೆಯ ಸಿಂಕ್, ಮೇಲಿನ ಮತ್ತು ಕೆಳಗಿನ ಬಚ್ಚಲು, ಹಿತ್ತಲಿನ ಪಾತ್ರೆ ತೊಳೆಯುವ ಕಟ್ಟೆ ಎಲ್ಲವನ್ನೂ ನಮ್ಮ ಮನೆಯಲ್ಲಿ ಇದೇ ನೋಡಿಕೊಳ್ಳುತ್ತಿದೆ. ಮೋರಿ ಕಟ್ಟಿದ ಕೂಡಲೇ ಅಂಗಡಿಯಿಂದ ಮೋರಿ ಬಿಡಿಸುವ ಪುಡಿ ತಂದು ಸುರಿಯುವವರು ಬಹಳ. ಆದರೆ ಒಳಗೆ ಕಟ್ಟಿರುವುದು ಏನು ಎಂದು ಪುಡಿ ಎಂದೂ ತಿಳಿಸುವುದಿಲ್ಲ. ಸ್ಪ್ರಿಂಗ್ ಅದನ್ನು ಹಿಡಿದು ತಂದು ಕೈಗೆ ಕೊಡುತ್ತದೆ. ನಾನು ಇದನ್ನು ಮೆಚ್ಚಿಕೊಂಡಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಮಹಡಿಯ ಬಚ್ಚಲಿನಿಂದ ಪ್ರತಿ ಸಲವೂ ಕೂದಲಿನ ಗಂಟು ಬರುತ್ತದೆ, ಅದಕ್ಕೆ ಮೇಣದಂತಹ ಬಿಳಿ ಜಿಡ್ಡು ಮೆತ್ತಿರುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿದಾಗ ನೀರಿನಲ್ಲಿ ಕರಗದ ಕಸರಾಗುತ್ತದೆ. ಕೂದಲಿಗೆ ಅಂಟಿಕೊಂಡು ಅದು ದಿನದಿನಕ್ಕೂ ದಪ್ಪವಾಗುತ್ತದೆ. ಇದಕ್ಕೆ ಪರಿಹಾರ ಮೋರಿಯ ಬಾಯಿಗೆ ಸಣ್ಣ ರಂಧ್ರದ ಜಾಳಿಗೆ ಹಾಕುವುದು, ಸ್ನಾನವಾದ ಮೇಲೆ ಅದರ ಮೇಲಿನ ಕೂದಲು ತೆಗೆಯುವುದು. ಹಾಗೆ ಮಾಡಲು ತೊಡಗಿದ ಮೇಲೆ ಆ ಬಚ್ಚಲಿನಲ್ಲಿ ಸ್ಪ್ರಿಂಗಿನ ಕೆಲಸವೇ ಅಪರೂಪವಾಯಿತು.

ಅಡುಗೆಮನೆಯ ಕಥೆ ಬೇರೆ. ಅಲ್ಲಿಂದ ಬರುವುದು ಬೂದುಬಣ್ಣದ ಅಂಟು, ಅಂದರೆ ಜೋಳದ ಹಿಟ್ಟು ಮತ್ತು ಎಣ್ಣೆ. ರೊಟ್ಟಿಯ ಹಿಟ್ಟು ನಾದಿದ ಪರಾತವನ್ನು ನೇರವಾಗಿ ಸಿಂಕ್‌ನಲ್ಲಿ ತೊಳೆದರೆ ಹಿಟ್ಟು ಪೈಪಿನ ತಿರುವಿನಲ್ಲಿ ಕುಳಿತುಕೊಳ್ಳುತ್ತದೆ. ಅದರ ಮೇಲೆ ಒಗ್ಗರಣೆಯ ಎಣ್ಣೆ, ತುಪ್ಪ, ತೊಗರಿಬೇಳೆಯ ಚೂರು ಸೇರುತ್ತವೆ. ಚಳಿಗಾಲದಲ್ಲಿ ತುಪ್ಪವೂ ವನಸ್ಪತಿಯೂ ಗಟ್ಟಿಯಾಗುವುದರಿಂದ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ, ರಾಶಿ ಪಾತ್ರೆ ಬೀಳುವ ದಿನಗಳಲ್ಲಿ, ಸಿಂಕ್ ಕಟ್ಟುವುದು ಹೆಚ್ಚು. ಪರಾತವನ್ನು ಮೊದಲು ಕೈಯಿಂದ ಕೆರೆದು ದನದ ಕಲಗಚ್ಚಿಗೆ ಹಾಕುತ್ತಿದ್ದ ಹಿರಿಯರ ಪದ್ಧತಿ ಪೈಪಿಗೂ ಒಳ್ಳೆಯದು. ದನವಿಲ್ಲದ ಮನೆಯಲ್ಲಿ ಕಸದ ಬುಟ್ಟಿಗಾದರೂ ಹಾಕಬಹುದು.

ಈ ಉಪಕರಣದ ಬೆಲೆ ನನಗೆ ಪೂರ್ತಿ ತಿಳಿದದ್ದು ಹಿತ್ತಲಿನಲ್ಲಿ. ಗಲ್ಲಿ ಟ್ರಾಪ್‌ನಿಂದ (ಮನೆಯ ಕೊಳೆನೀರು ಹೊರಬಂದು ಬೀಳುವ ಸಣ್ಣ ಗುಂಡಿ) ಚೇಂಬರ್ ಕಡೆಗೆ (ಪೈಪುಗಳು ಕೂಡುವ, ಮುಚ್ಚಳವಿರುವ ತೊಟ್ಟಿ) ಬಿಟ್ಟ ಸ್ಪ್ರಿಂಗಿನ ತುದಿಗೆ ಕಪ್ಪು ಎರೆಮಣ್ಣು ಅಂಟಿಕೊಂಡು ಬಂತು. ನೆಲದೊಳಗಿನ ಪೈಪಿನಲ್ಲಿ ಎರೆಮಣ್ಣು ಇದೆಯೆಂದರೆ ಎಲ್ಲೋ ಜೋಡಣೆ ಬಿಟ್ಟಿದೆ ಎಂದೇ ಅರ್ಥ. ನಮ್ಮ ಭಾಗದ ಎರೆ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಆ ಏರಿಳಿತಕ್ಕೆ ಪೈಪು ಸರಿಯುತ್ತದೆ, ಇಳಿಜಾರು ಕೆಡುತ್ತದೆ. ಅಗೆಸಿದಾಗ ಪೈಪು ನಡುವೆ ಕುಸಿದಿತ್ತು, ಬಿಟ್ಟುಕೊಂಡ ಸಂದಿಯಲ್ಲಿ ಬೇವಿನ ಬೇರಿನ ಎಳೆಗಳು ಒಳಹೊಕ್ಕಿದ್ದವು. ಎಷ್ಟು ಪುಡಿ ಸುರಿದಿದ್ದರೂ ಅದು ಸರಿಹೋಗುತ್ತಿರಲಿಲ್ಲ. ಈಗ ಅಲ್ಲಿ 110 ಮಿ.ಮೀ. ಪೈಪನ್ನು ಮರಳಿನ ಹಾಸಿನ ಮೇಲೆ, 40 ಅಡಿಗೆ ಒಂದು ಅಡಿಯ ಇಳಿಜಾರಿನಲ್ಲಿ ಹಾಕಿಸಿದ್ದೇವೆ.

ಪುಡಿಯ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಹೆಚ್ಚಾಗಿ ಇರುವುದು ಕಾಸ್ಟಿಕ್ ಸೋಡಾ. ನೀರು ತಗುಲಿದೊಡನೆ ವಿಪರೀತ ಬಿಸಿಯಾಗುತ್ತದೆ, ನೀರು ನಿಂತ ಪೈಪಿನಲ್ಲಿ ಆ ಬಿಸಿ ಪಿವಿಸಿಯನ್ನೇ ಮೆತ್ತಗಾಗಿಸಬಹುದು. ಆಸಿಡ್ ಸುರಿಯುವವರು ನಮ್ಮ ಮನೆಗಳ ನೆಲವನ್ನು ಒಮ್ಮೆ ನೋಡಬೇಕು. ಅಲ್ಲಿ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಬಿದ್ದಲ್ಲಿ ನೊರೆಯೆದ್ದು ಸವೆಯುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಪುಡಿಯನ್ನೋ ಆಸಿಡ್ಡನ್ನೋ ಈಗಾಗಲೇ ಸುರಿದಿದ್ದರೆ ಆ ಮೋರಿಗೆ ಸ್ಪ್ರಿಂಗ್ ಬಿಡಲೇಬೇಡಿ. ತಂತಿ ಹೊರಬರುವಾಗ ಸಿಡಿಯುವ ಹನಿ ಕಣ್ಣಿಗೆ ಬಿದ್ದೀತು.

ಬಳಸುವ ಮುನ್ನ ಚೇಂಬರಿನ ಮುಚ್ಚಳ ತೆಗೆದು ನೋಡಿ. ಅದು ತುಂಬಿ ನಿಂತಿದ್ದರೆ ಅಡ್ಡಿ ಇರುವುದು ಅದರಾಚೆಯ ಲೈನಿನಲ್ಲಿ, ಮನೆಯೊಳಗೆ ಎಷ್ಟು ತಿರುಗಿಸಿದರೂ ವ್ಯರ್ಥ. ಚೇಂಬರ್ ಖಾಲಿಯಿದ್ದು ಮನೆಯೊಳಗೆ ನೀರು ನಿಂತಿದ್ದರೆ ಮಾತ್ರ ಸ್ಪ್ರಿಂಗಿಗೆ ಕೆಲಸ. ಕೈಗವಸು ಹಾಕಿಕೊಳ್ಳಿ. ತಂತಿಯನ್ನು ಬಲಕ್ಕೇ ತಿರುಗಿಸುತ್ತ ಒಳಗೆ ಬಿಡಿ, ತಡೆ ಸಿಕ್ಕಾಗ ದಬ್ಬಬೇಡಿ. ಎಡಕ್ಕೆ ತಿರುಗಿಸಿದರೆ ಹಿಡಿದದ್ದು ಬಿಟ್ಟುಹೋಗುತ್ತದೆ, ಸುರುಳಿಯೂ ಬಿಚ್ಚಿಕೊಳ್ಳುತ್ತದೆ. ಶೌಚಾಲಯದ ಕಮೋಡಿಗೆ ಇದನ್ನು ಹಾಕಬೇಡಿ, ಪಿಂಗಾಣಿಯ ಮೇಲೆ ಕಪ್ಪು ಗೀರು ಬೀಳುತ್ತದೆ. ಅಲ್ಲಿಗೆ ರಬ್ಬರ್ ಪಂಪ್ ಸಾಕು.

ಚೇಂಬರಿನಾಚೆಗೆ, ರಭಸದ ನೀರು ಹಾಯಿಸಿ ಲೈನು ಬಿಡಿಸುವ ಜೆಟ್ಟಿಂಗ್ ಯಂತ್ರವನ್ನೇ ಕರೆಸಬೇಕು. ಮನುಷ್ಯನನ್ನು ಇಳಿಸಿದರೆ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಖಡಾಖಂಡಿತವಾಗಿ ಬೇಡ ಎನ್ನಿ. ಒಳಚರಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರಿಕೊಂಡಿರುತ್ತದೆ, ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಮಂಕಾಗಿಸುವುದರಿಂದ ಇಳಿದವನಿಗೆ ಅಪಾಯ ಗೊತ್ತೇ ಆಗುವುದಿಲ್ಲ. ಕೈಯಿಂದ ಮಲ ಬಾಚುವ ಕೆಲಸವನ್ನು ನಿಷೇಧಿಸುವ 2013ರ ಕಾಯ್ದೆ ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಜನರನ್ನು ತೊಡಗಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಂತ್ರ ಬರುವವರೆಗೆ ಮನೆಯವರೆಲ್ಲ ನೀರು ಬಿಡುವುದನ್ನು ನಿಲ್ಲಿಸಿ ಕಾಯುವುದು ದೊಡ್ಡ ಕಷ್ಟವೇನಲ್ಲ.

ಕುಂದುಗಳೂ ಇವೆ. ಪ್ಲಾಸ್ಟಿಕ್ ಡಬ್ಬಿ ಬೇಸಿಗೆಯ ಬಿಸಿಲಿಗೆ ಬಿರುಕು ಬಿಟ್ಟಿದೆ, ತಂತಿಯನ್ನು ಬಿಗಿಹಿಡಿಯುವ ತಿರುಪು ಆಗಾಗ ಸಡಿಲವಾಗುತ್ತದೆ. ಒರೆಸಿ ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಸವರದಿದ್ದರೆ ತುಕ್ಕು ಖಚಿತ. ಉದ್ದವೂ ಕೆಲವೊಮ್ಮೆ ಸಾಲದು. ಒಂದಂತಸ್ತಿನ ಸಣ್ಣ ಮನೆಗೆ ಐದು ಮೀಟರ್ ಸರಿ, ಚೇಂಬರ್ ದೂರವಿರುವ ಮನೆಯವರು ಹತ್ತು ಮೀಟರಿನದನ್ನು, ಸಿಕ್ಕರೆ ಲೋಹದ ಡಬ್ಬಿಯದನ್ನು, ಕೊಳ್ಳಲಿ.