ಎಪಾನೆಟ್ 2.2: ದಿನದ ಲೆಕ್ಕ ಚೊಕ್ಕ, ವರ್ಷಗಳ ಲೆಕ್ಕ ನಿಮ್ಮ ತಲೆಗೆ

ಮಹಾನಗರದ ಅಂಚಿನಲ್ಲಿ ಬಡಾವಣೆ ಏಳುವಾಗ ಬಸ್ಸುಗಳನ್ನು ಆಮೇಲೆ ಹೆಚ್ಚಿಸಬಹುದು, ಬೀದಿದೀಪ ಆಮೇಲೆ ಹಾಕಬಹುದು. ನೆಲದಡಿ ಹೂತ 300 ಮಿ.ಮೀ. ನೀರಿನ ಪೈಪನ್ನು ಮಾತ್ರ ಹಿಗ್ಗಿಸಲು ಬರುವುದಿಲ್ಲ. ಅಗೆದು ತೆಗೆಯಬೇಕು, ಇಲ್ಲವೇ ಪಕ್ಕದಲ್ಲೇ ಇನ್ನೊಂದು ಹಾಕಬೇಕು. ಹೂಳುವ ಮೊದಲೇ ಲೆಕ್ಕ ಹಾಕಿ ನೋಡಲು ಇರುವ ಸಾಧನಗಳಲ್ಲಿ ಎಲ್ಲರ ಕೈಗೆಟುಕುವುದು ನೀರಿನ ಪೈಪುಜಾಲದ ತಂತ್ರಾಂಶ ಎಪಾನೆಟ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು 1993ರಲ್ಲಿ ಹೊರತಂದಿತು. ಬರೆದವರು ಲೂಯಿಸ್ ರಾಸ್‌ಮನ್. 2000ದಲ್ಲಿ ಎರಡನೇ ಆವೃತ್ತಿ ಬಂತು, 2020ರಲ್ಲಿ 2.2. ಪೂರ್ತಿ ಉಚಿತ, ಲೈಸೆನ್ಸ್ ರಗಳೆ ಇಲ್ಲ. ದುಬಾರಿ ತಂತ್ರಾಂಶಗಳಂತೆ ಇಷ್ಟು ಪೈಪಿಗೆ ಇಷ್ಟು ಹಣ ಎಂಬ ಲೆಕ್ಕವೂ ಇಲ್ಲ.

ಒಳಗಿನ ಎಂಜಿನ್ ಬಗ್ಗೆ ತಕರಾರು ಕಡಿಮೆ. ಟೊಡಿನಿ ಮತ್ತು ಪಿಲಾಟಿ ಅವರ ಗ್ರೇಡಿಯೆಂಟ್ ವಿಧಾನದಲ್ಲಿ ಅದು ಪೈಪುಜಾಲದ ಸಮೀಕರಣಗಳನ್ನು ಬಿಡಿಸುತ್ತದೆ. ಸಾವಿರಾರು ಪೈಪುಗಳ ಜಾಲವಾದರೂ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಉತ್ತರ ಬಂದಿರುತ್ತದೆ. ತೊಂದರೆ ಇರುವುದು ಎಂಜಿನ್ನಿಗೆ ನಾವು ಏನು ಉಣಿಸುತ್ತೇವೆ ಎಂಬಲ್ಲಿ. ಹೊರಮೈ, ಅಂದರೆ ನಾವು ಕೆಲಸ ಮಾಡುವ ಪರದೆ, ಅದಕ್ಕೆ ಯಾವ ಬೇಲಿಯನ್ನೂ ಹಾಕಿಲ್ಲ.

ಮೊದಲ ಗುಂಡಿ ಮೊದಲ ದಿನವೇ ಸಿಗುತ್ತದೆ. ಹೊಸ ಪ್ರಾಜೆಕ್ಟ್ ತೆರೆದರೆ ಹರಿವಿನ ಮಾನ ನಿಮಿಷಕ್ಕೆ ಗ್ಯಾಲನ್, ಪೈಪಿನ ವ್ಯಾಸ 12, ಉದ್ದ 1000, ಒರಟುತನ 100 ಎಂದಿರುತ್ತದೆ. ಆ 12 ಎಂದರೆ ಅಂಗುಲ. ನೀವು ಹರಿವಿನ ಮಾನವನ್ನು ಸೆಕೆಂಡಿಗೆ ಲೀಟರ್ ಮಾಡಿದ ಕೂಡಲೇ ಇಡೀ ಪ್ರಾಜೆಕ್ಟ್ ಮೆಟ್ರಿಕ್ ಆಗುತ್ತದೆ, ಆದರೆ ಅಂಕಿಗಳು ಇದ್ದಲ್ಲೇ ಇರುತ್ತವೆ. 12 ಅಂಗುಲವಿದ್ದದ್ದು 12 ಮಿಲಿಮೀಟರ್ ಎಂದು ಓದಿಕೊಳ್ಳುತ್ತದೆ. ಊರಿಗೆ ನೀರು ತರುವ ಮುಖ್ಯ ಪೈಪಿನ (ಟ್ರಂಕ್ ಲೈನ್) ಜಾಗದಲ್ಲಿ ಬೆರಳು ಗಾತ್ರದ ನಳಿಕೆ! ರನ್ ಮಾಡಿದರೆ ಎಲ್ಲ ಕಡೆ ಋಣ ಒತ್ತಡ, ಅದೂ ನಂಬಲಾರದಷ್ಟು. ಆದ್ದರಿಂದ ಒಂದು ಗೆರೆ ಎಳೆಯುವ ಮೊದಲೇ ಪ್ರಾಜೆಕ್ಟ್ ಮೆನುವಿನ ಡಿಫಾಲ್ಟ್ಸ್ ತೆರೆದು ಮಾನ, ವ್ಯಾಸ, ತಲೆನಷ್ಟದ (ಪೈಪಿನಲ್ಲಿ ಹರಿಯುವಾಗ ಕಳೆದುಹೋಗುವ ಒತ್ತಡ) ಸೂತ್ರ ಮೂರನ್ನೂ ಸರಿಮಾಡಿ. ಅಲ್ಲೇ ಕೆಳಗೆ, ಮುಂದಿನ ಹೊಸ ಪ್ರಾಜೆಕ್ಟುಗಳಿಗೂ ಇದನ್ನೇ ಉಳಿಸಿಕೊ ಎಂಬ ಟಿಕ್ ಇದೆ, ಹಾಕಿಬಿಡಿ.

ಎರಡನೆಯದು ಉದ್ದ. ನಕ್ಷೆಯಿಂದ ಉದ್ದವನ್ನು ತಾನೇ ಅಳೆಯುವ ಆಟೋ-ಲೆಂಗ್ತ್ ಆರಿದ್ದರೆ ನೀವು ನಕ್ಷೆಯ ಮೇಲೆ ಎಷ್ಟೇ ಚೆಂದ ಬರೆದರೂ ಪ್ರತಿ ಪೈಪೂ 1000 ಮೀಟರೇ. ಹೊತ್ತಿಸಿಕೊಂಡರೂ ನಕ್ಷೆಯ ನಿರ್ದೇಶಾಂಕ ಮೀಟರಿನಲ್ಲಿರಬೇಕು. ಅಕ್ಷಾಂಶ-ರೇಖಾಂಶದಲ್ಲಿರುವ ನಕ್ಷೆ ಕೊಟ್ಟರೆ, ನೆಲದ ಮೇಲೆ ಸುಮಾರು 1.1 ಕಿ.ಮೀ. ಇರುವ 0.01 ಡಿಗ್ರಿಯನ್ನು ಅದು 0.01 ಮೀಟರ್ ಎಂದು ತಿಳಿಯುತ್ತದೆ. ಆಗ ನಷ್ಟವೇ ಇಲ್ಲದ ಅದ್ಭುತ ಜಾಲ ಸಿದ್ಧ. ಈ ತಪ್ಪು ಹಿಂದಿನದಕ್ಕಿಂತ ಅಪಾಯಕಾರಿ, ಯಾಕೆಂದರೆ ಫಲಿತಾಂಶ ನೋಡಲು ಚೆನ್ನಾಗಿರುತ್ತದೆ, ಯಾರೂ ಅನುಮಾನ ಪಡುವುದಿಲ್ಲ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ, ಮೀಟರ್ ಲೆಕ್ಕದ ಯುಟಿಎಂ ನಿರ್ದೇಶಾಂಕಕ್ಕೆ ಬದಲಿಸಿಕೊಂಡು ತರುವುದೇ ಸರಿ.

ನೆಲದ ಎತ್ತರದ ವಿಷಯದಲ್ಲೂ ಹುಷಾರು. ಉಚಿತವಾಗಿ ಸಿಗುತ್ತದೆ ಎಂದು ಎಸ್‌ಆರ್‌ಟಿಎಂ ದತ್ತಾಂಶವನ್ನು (ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ನೆಲದ ಎತ್ತರ) ಜಂಕ್ಷನ್ನುಗಳಿಗೆ, ಅಂದರೆ ಪೈಪುಗಳು ಕೂಡುವ ಬಿಂದುಗಳಿಗೆ, ಸುರಿಯುವವರು ಬಹಳ. ಆ ಯೋಜನೆ ಇಟ್ಟುಕೊಂಡಿದ್ದ ನಿಖರತೆಯ ಗುರಿಯೇ 90 ಶೇಕಡಾ ಕಡೆ 16 ಮೀಟರಿನೊಳಗೆ ಎಂಬುದು. ವಾಸ್ತವದಲ್ಲಿ ಅದಕ್ಕಿಂತ ಚೆನ್ನಾಗಿಯೇ ಬಂದಿದೆ, ಆದರೂ 20 ಮೀಟರ್ ಒತ್ತಡ (ನೀರು ಅಷ್ಟು ಎತ್ತರಕ್ಕೆ ಏರಬಲ್ಲ ಬಲ) ಉಳಿಯಬೇಕಾದ ಕಡೆ ನಾಲ್ಕೈದು ಮೀಟರಿನ ತಪ್ಪು ದೊಡ್ಡದೇ. ಟ್ಯಾಂಕಿನ ತಳ, ಪಂಪ್‌ಹೌಸು, ಅತಿ ಎತ್ತರದ ಹತ್ತಾರು ಜಾಗ, ಇಷ್ಟನ್ನಾದರೂ ಲೆವೆಲ್ ಹಿಡಿದು ಅಳೆಸಿ. ಉಳಿದದ್ದು ನಡೆಯುತ್ತದೆ.

ಇನ್ನು ವ್ಯಾಸ. ಇಲ್ಲಿ ತಂತ್ರಾಂಶ ನಿಜಕ್ಕೂ ಬೆಲೆಬಾಳುತ್ತದೆ. 1 ಕಿ.ಮೀ. ಉದ್ದದ 300 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 100 ಲೀಟರ್ ಹರಿಸಿ, ಹೇಜನ್-ವಿಲಿಯಮ್ಸ್ ಸೂತ್ರದ ಸಿ ಬೆಲೆ (ಮೇಲೆ ಒರಟುತನ ಎಂದದ್ದು ಇದೇ, ಹೆಚ್ಚಿದ್ದಷ್ಟೂ ಪೈಪು ನುಣುಪು) 130 ಇಡಿ: ತಲೆನಷ್ಟ ಸುಮಾರು 6.4 ಮೀಟರ್. ಊರು ಬೆಳೆದು ಹರಿವು 200 ಲೀಟರ್ ಆಯಿತು ಅನ್ನಿ. ನಷ್ಟ ದುಪ್ಪಟ್ಟಲ್ಲ, 3.6 ಪಟ್ಟು, ಅಂದರೆ 23 ಮೀಟರಿಗೆ ಏರುತ್ತದೆ. ಏಕೆಂದರೆ ಆ ಸೂತ್ರದಲ್ಲಿ ಹರಿವಿಗೆ 1.852ರ ಘಾತವಿದೆ. ಅದೇ 200 ಲೀಟರನ್ನು 400 ಮಿ.ಮೀ. ಪೈಪಿಗೆ ಬಿಟ್ಟರೆ ನಷ್ಟ 5.7 ಮೀಟರ್. ವ್ಯಾಸ ಮೂರನೇ ಒಂದು ಭಾಗ ಹೆಚ್ಚಿತು, ದುಪ್ಪಟ್ಟು ನೀರು ಮೊದಲಿಗಿಂತ ಕಡಿಮೆ ನಷ್ಟದಲ್ಲಿ ಹೋಯಿತು. ಪೈಪು ಹಳತಾಗುವುದನ್ನೂ ಮರೆಯಬೇಡಿ: ಸಿ ಬೆಲೆ 130ರಿಂದ 100ಕ್ಕೆ ಇಳಿದರೆ ಮೊದಲ ಉದಾಹರಣೆಯ 6.4 ಮೀಟರ್ 10.4 ಆಗುತ್ತದೆ. ಇಪ್ಪತ್ತು ವರ್ಷ ಮುಂದಿನ ಬೇಡಿಕೆಯನ್ನು ಹೊಸ ಪೈಪಿನ ಸಿ ಬೆಲೆಯೊಂದಿಗೆ ಓಡಿಸುವುದು ನಮ್ಮನ್ನೇ ನಾವು ಮೋಸಮಾಡಿಕೊಂಡಂತೆ.

ಹಾಗಿದ್ದರೆ ಎಲ್ಲ ಕಡೆ ದೊಡ್ಡದೇ ಹಾಕಿಬಿಡೋಣ ಅನ್ನುವಂತಿಲ್ಲ. ಬಡಾವಣೆ ಅರ್ಧ ತುಂಬುವುದಕ್ಕೇ ವರ್ಷಗಳು ಬೇಕು. ಶುರುವಿನಲ್ಲಿ ಸೆಕೆಂಡಿಗೆ ಬರೀ 10 ಲೀಟರ್ ಹರಿಯುವ 10 ಕಿ.ಮೀ. ಲೈನನ್ನು ತೆಗೆದುಕೊಳ್ಳಿ. 300 ಮಿ.ಮೀ. ಇದ್ದರೆ ನೀರು ಆ ತುದಿ ಮುಟ್ಟಲು ಸುಮಾರು 20 ಗಂಟೆ, 400 ಇದ್ದರೆ 35 ಗಂಟೆ. ನಡುವೆ ಟ್ಯಾಂಕೊಂದಿದ್ದರೆ ಅದರದ್ದು ಬೇರೆ. ಅಷ್ಟು ಹೊತ್ತು ನಿಂತ ನೀರಿನಲ್ಲಿ ಕ್ಲೋರಿನ್ ಕರಗಿಹೋಗುತ್ತಿರುತ್ತದೆ. ನೀರಿನ ವಯಸ್ಸನ್ನೂ ಕ್ಲೋರಿನ್ ಕುಸಿತವನ್ನೂ ಲೆಕ್ಕ ಹಾಕುವ ಭಾಗ ಎಪಾನೆಟ್‌ನಲ್ಲಿ ಮೊದಲಿನಿಂದಲೂ ಇದೆ. ಬೆಳೆಯುವ ಪ್ರದೇಶದವರು ಕಡ್ಡಾಯವಾಗಿ ಬಳಸಬೇಕಾದ ಭಾಗ ಅದು, ಆದರೂ ಒತ್ತಡದ ಬಣ್ಣಗಳನ್ನು ನೋಡಿ ಫೈಲು ಮುಚ್ಚುವವರೇ ಹೆಚ್ಚು. ಒಂದು ಎಚ್ಚರ: ವಯಸ್ಸಿನ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. 24 ಗಂಟೆ ಓಡಿಸಿದರೆ ಯಾವ ನೀರಿಗೂ 24 ಗಂಟೆಗಿಂತ ಹೆಚ್ಚು ವಯಸ್ಸಾಗುವುದಿಲ್ಲ! 240 ಗಂಟೆ ಇಟ್ಟು, ಗ್ರಾಫು ದಿನದಿಂದ ದಿನಕ್ಕೆ ಒಂದೇ ಥರ ಮರುಕಳಿಸುವವರೆಗೆ ನೋಡಿ. ಮರುಕಳಿಸದಿದ್ದರೆ ಇನ್ನೂ ಉದ್ದ ಓಡಿಸಿ.

ಬೇಡಿಕೆ ತುಂಬಿಸುವಾಗ ಆಗುವ ತಪ್ಪು ಬೇರೆ ಬಗೆಯದು. 20,000 ಜನ, ತಲೆಗೆ ದಿನಕ್ಕೆ 150 ಲೀಟರ್ ಎಂದುಕೊಳ್ಳಿ. ಸರಾಸರಿ ಸೆಕೆಂಡಿಗೆ 34.7 ಲೀಟರ್. ಬಿಟ್ಟ ನೀರಿನಲ್ಲಿ 20 ಶೇಕಡಾ ಸೋರಿಕೆ ಎಂದರೆ ಒಟ್ಟು 43.4. ಬೆಳಗಿನ ಗರಿಷ್ಠಕ್ಕೆ 2.5ರಿಂದ ಗುಣಿಸಿದರೆ 108.5 ಬರುತ್ತದೆ ಎಂದು ಬರೆದು ಮುಂದೆ ಹೋಗುತ್ತಾರೆ. ಸೋರಿಕೆಗೆ ಬೆಳಿಗ್ಗೆ ಸ್ನಾನ ಮಾಡುವ ಅಭ್ಯಾಸವಿಲ್ಲ. ಅದು ಹಗಲೂ ರಾತ್ರಿ ಹರಿಯುತ್ತದೆ, ರಾತ್ರಿ ಒತ್ತಡ ಏರಿದಾಗ ಇನ್ನಷ್ಟು. ಜನರ ಪಾಲಿನ 34.7ನ್ನು ಮಾತ್ರ ಗುಣಿಸಿ, 8.7ನ್ನು ಹಾಗೇ ಕೂಡಿಸಿದರೆ 95.5 ಸಾಕು. ಇದನ್ನು ಎಪಾನೆಟ್‌ನಲ್ಲಿ ಮಾಡುವುದು ಸುಲಭ. ಜಂಕ್ಷನ್ನಿನ ಡಿಮ್ಯಾಂಡ್ ಕೆಟಗರೀಸ್ ತೆರೆದು ಎರಡು ಸಾಲು ಹಾಕಬೇಕು, ಒಂದು ಜನರದ್ದು, ಒಂದು ಸೋರಿಕೆಯದು. ಸೋರಿಕೆಯ ಸಾಲಿನಲ್ಲಿ ಪ್ಯಾಟರ್ನ್ (ಯಾವ ಗಂಟೆಗೆ ಬೇಡಿಕೆ ಎಷ್ಟು ಪಟ್ಟು ಎಂಬ ಗುಣಕಗಳ ಪಟ್ಟಿ) ಖಾಲಿ ಬಿಟ್ಟರೆ ಸ್ಥಿರವಾಗಿ ಹರಿಯುತ್ತದೆ ಅಂದುಕೊಳ್ಳುವುದು ಸಹಜ, ಆದರೆ ಖಾಲಿ ಬಿಟ್ಟ ಕಡೆ ಡಿಫಾಲ್ಟ್ ಪ್ಯಾಟರ್ನ್ ಅಂಟಿಕೊಳ್ಳುತ್ತದೆ. ಅದರ ಹೆಸರು ಮೊದಲೇ 1 ಎಂದು ಬರೆದಿರುತ್ತದೆ, ನೀವು ಮೊದಲು ಮಾಡಿದ ಪ್ಯಾಟರ್ನಿನ ಹೆಸರೂ ಬಹುಶಃ 1 ಆಗಿರುತ್ತದೆ. ಎಲ್ಲ ಗುಣಕಗಳೂ 1.0 ಇರುವ ಚಪ್ಪಟೆ ಪ್ಯಾಟರ್ನ್ ಒಂದನ್ನು ಬೇರೆ ಹೆಸರಿನಲ್ಲಿ ಮಾಡಿ ಕೈಯಾರೆ ಕೊಡಿ.

ಇದೇ ಕೆಟಗರಿ ಸವಲತ್ತಿನಿಂದ ಎಪಾನೆಟ್‌ನ ದೊಡ್ಡ ಕೊರತೆಯನ್ನು ಸ್ವಲ್ಪ ಮುಚ್ಚಬಹುದು. ಈ ತಂತ್ರಾಂಶಕ್ಕೆ ಗಂಟೆ ಗೊತ್ತು, ವರ್ಷ ಗೊತ್ತಿಲ್ಲ. ಹಂತ 1, ಹಂತ 2 ಎಂದು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳುವ ಏರ್ಪಾಡು ವಾಟರ್‌ಜೆಮ್ಸ್‌ನಂಥ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಲ್ಲಿದೆ, ಇದರಲ್ಲಿಲ್ಲ. ದಾರಿ ಹೀಗೆ: ಪ್ರತಿ ಜಂಕ್ಷನ್ನಿನಲ್ಲಿ ಈಗಿನ ಬೇಡಿಕೆ ಒಂದು ಸಾಲು, ಹತ್ತು ವರ್ಷದ ನಂತರ ಸೇರುವುದು ಇನ್ನೊಂದು ಸಾಲು, ಇಪ್ಪತ್ತರದ್ದು ಮತ್ತೊಂದು. ಒಂದೊಂದಕ್ಕೂ ತನ್ನದೇ ಪ್ಯಾಟರ್ನ್. ಬೇಡದ ಹಂತದ ಪ್ಯಾಟರ್ನಿನ ಗುಣಕಗಳನ್ನೆಲ್ಲ 0 ಮಾಡಿದರೆ ಇಡೀ ಹಂತ ಮಲಗುತ್ತದೆ, ನಿಜವಾದ ಬೆಲೆ ಕೊಟ್ಟರೆ ಏಳುತ್ತದೆ. ಇನ್ನೂ ಹಾಕದ ಪೈಪನ್ನು ಕ್ಲೋಸ್ಡ್ ಎಂದು ಇಟ್ಟುಕೊಳ್ಳಿ. ಮುಚ್ಚಿದ ಪೈಪಿನ ಆಚೆ ಬೇಡಿಕೆ ಎದ್ದಿದ್ದರೆ ಜಾಲ ತುಂಡಾಗಿದೆ ಎಂಬ ಎಚ್ಚರಿಕೆ ಬರುತ್ತದೆ. ಅದು ಒಳ್ಳೆಯದೇ, ಯಾವ ಪೈಪು ಯಾವ ಹಂತಕ್ಕೆ ಮೊದಲು ಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ಆದರೆ ಇದೆಲ್ಲ ಕೈಕೆಲಸ, ಮೂರು ಹಂತ ದಾಟಿದರೆ ಗೋಜಲು. ಅಲ್ಲಿಂದ ಮುಂದೆ ಪೈಥಾನ್ ಬಲ್ಲವರು ಡಬ್ಲ್ಯುಎನ್‌ಟಿಆರ್ ಲೈಬ್ರರಿ ಹಿಡಿಯುವುದು ಲೇಸು. ಎಪಾನೆಟ್‌ನ ಜಾಲದ ವಿವರವಿರುವ ಐಎನ್‌ಪಿ ಫೈಲನ್ನೇ ಓದಿ, ಬದಲಿಸಿ, ಓಡಿಸುವ ಈ ಲೈಬ್ರರಿಯೂ ಉಚಿತ.

2.2ರಲ್ಲಿ ಬಂದ ಮುಖ್ಯ ಬದಲಾವಣೆ ಒತ್ತಡಾಧಾರಿತ ಬೇಡಿಕೆ, ಅಂದರೆ ಒತ್ತಡ ಇದ್ದಷ್ಟಕ್ಕೆ ತಕ್ಕಷ್ಟೇ ನೀರು. ಹಳೆಯ ಕ್ರಮದಲ್ಲಿ ಒತ್ತಡ ಮೈನಸ್ 14 ಮೀಟರ್ ಇದ್ದರೂ ಆ ಮನೆಗಳಿಗೆ ಪೂರ್ತಿ ನೀರು ಹೋಯಿತು ಎಂದೇ ಲೆಕ್ಕ. ಮೈನಸ್ 14 ಎಂಬುದು ಅಲ್ಲಿನ ಒತ್ತಡವಲ್ಲ, ಅಲ್ಲಿಗೆ ಇಷ್ಟು ನೀರು ಮುಟ್ಟುವುದಿಲ್ಲ ಎಂಬ ಸೂಚನೆ ಅಷ್ಟೇ. ಹೊಸ ಕ್ರಮದಲ್ಲಿ ಕನಿಷ್ಠ ಒತ್ತಡ, ಬೇಕಾದ ಒತ್ತಡ, ಘಾತ ಮೂರನ್ನು ಕೊಡಬೇಕು. ಕನಿಷ್ಠ 0, ಬೇಕಾದದ್ದು 20 ಮೀಟರ್, ಘಾತ 0.5 ಕೊಟ್ಟಿದ್ದರೆ 5 ಮೀಟರ್ ಇರುವ ಜಂಕ್ಷನ್ನಿಗೆ ಅರ್ಧ ನೀರು ಸಿಗುತ್ತದೆ. ಬೇಕಾದ ಒತ್ತಡದ ಡಿಫಾಲ್ಟ್ ಬರೀ 0.1, ಅದನ್ನು ತಿದ್ದದೆ ಓಡಿಸಿದರೆ ಈ ಸೌಲಭ್ಯ ಹಾಕಿದ್ದೂ ವ್ಯರ್ಥ. ನಮ್ಮ ಸಲಹೆ: ವ್ಯಾಸ ಆರಿಸುವಾಗ ಹಳೆಯ ಕ್ರಮವೇ ಇರಲಿ, ಅದು ಕೊರತೆಯನ್ನು ಕೂಗಿ ಹೇಳುತ್ತದೆ. ಟ್ರಂಕ್ ಲೈನ್ ಒಡೆದರೆ ಯಾರಿಗೆ ಎಷ್ಟು ಸಿಗುತ್ತದೆ ಎಂದು ನೋಡಲು ಹೊಸದನ್ನು ಬಳಸಿ. ಆಗ ಒತ್ತಡದ ನಕ್ಷೆ ಸಾಧುವಾಗಿ ಕಾಣುತ್ತದೆ. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಬೇಡಿಕೆಯ ಕಾಲಂ ನೋಡಿದರೆ ಮಾತ್ರ ಕೊರತೆ ಗೊತ್ತಾಗುವುದು.

ಪಂಪಿಗೆ ಒಂದೇ ಬಿಂದುವಿನ ಕರ್ವ್ (ಯಾವ ಹರಿವಿಗೆ ಎಷ್ಟು ತಲೆ, ಅಂದರೆ ಎಷ್ಟು ಎತ್ತರಕ್ಕೆ ಎತ್ತುತ್ತದೆ ಎಂಬ ಗೆರೆ) ಕೊಟ್ಟರೂ ಒಪ್ಪಿಕೊಳ್ಳುತ್ತದೆ. ಶೂನ್ಯ ಹರಿವಿನಲ್ಲಿ 133 ಶೇಕಡಾ ತಲೆ, ಶೂನ್ಯ ತಲೆಯಲ್ಲಿ ಎರಡು ಪಟ್ಟು ಹರಿವು ಎಂದು ತಾನೇ ಊಹಿಸಿಕೊಳ್ಳುತ್ತದೆ. ಅಂದಾಜಿಗೆ ಸರಿ, ಖರೀದಿಗೆ ಅಲ್ಲ. ವಿದ್ಯುತ್ ವರದಿಯಲ್ಲಿ ದಕ್ಷತೆ 75 ಶೇಕಡಾ, ದರ ಸೊನ್ನೆ ಎಂದು ಮೊದಲೇ ಇರುತ್ತದೆ, ಖರ್ಚು 0 ಬಂದರೆ ಹಿಗ್ಗಬೇಡಿ. ಒತ್ತಡ ತಗ್ಗಿಸುವ ವಾಲ್ವನ್ನು ನೇರ ಟ್ಯಾಂಕಿಗೆ ಜೋಡಿಸಿದರೆ 219 ಸಂಖ್ಯೆಯ ದೋಷ ಬರುತ್ತದೆ, ನಡುವೆ ತುಂಡು ಪೈಪು ಹಾಕಿದರೆ ಮುಗಿಯಿತು.

ಹೊರಮೈ ಬಗ್ಗೆ ಸಿಟ್ಟು ಬರುವುದು ಒಂದೇ ಕಾರಣಕ್ಕೆ: ಮಾಡಿದ್ದನ್ನು ಹಿಂತೆಗೆಯುವ ಅಂಡೂ ಇಲ್ಲ. ಅಳಿಸಿದ ಪೈಪು ಅಳಿಸಿತು. ಅರ್ಧ ಗಂಟೆಗೊಮ್ಮೆ ಬೇರೆ ಹೆಸರಿನಲ್ಲಿ ಉಳಿಸುತ್ತಿರಿ. ಮೆಚ್ಚುಗೆಯಾಗುವುದು ಕೆಳಪಟ್ಟಿಯ ಪುಟ್ಟ ನಲ್ಲಿಯ ಚಿತ್ರ. ಫಲಿತಾಂಶ ತಾಜಾ ಇದ್ದರೆ ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ. ರನ್ ಆದ ಮೇಲೆ ನೀವು ಜಾಲದಲ್ಲಿ ಏನನ್ನಾದರೂ ಬದಲಿಸಿದ್ದರೆ ನಲ್ಲಿ ಮುರಿದಿರುತ್ತದೆ. ಮುರಿದ ನಲ್ಲಿ ಕಂಡಾಗ ಪರದೆಯ ಅಂಕಿಯನ್ನು ವರದಿಗೆ ಎತ್ತಿಕೊಳ್ಳಬೇಡಿ.

ಕಲಿಯುವವರು ಜೊತೆಗೇ ಬರುವ ನೆಟ್3 ಉದಾಹರಣೆಯಿಂದ ಶುರುಮಾಡಿ. ಕ್ಯಾಲಿಫೋರ್ನಿಯಾದ ನಾರ್ತ್ ಮರೀನ್ ಜಲಜಿಲ್ಲೆಯ ಜಾಲವನ್ನು ಆಧರಿಸಿದ್ದು ಅದು. 117 ಪೈಪು, 3 ಟ್ಯಾಂಕು, ಒಂದು ಕೆರೆ, ಒಂದು ನದಿ. ಕೆರೆಯ ಪಂಪು ರನ್ನಿನ 1ನೇ ಗಂಟೆಗೆ ಶುರುವಾಗಿ 15ನೇ ಗಂಟೆಗೆ ನಿಲ್ಲುತ್ತದೆ, ನದಿಯ ಪಂಪು ಟ್ಯಾಂಕಿನ ಮಟ್ಟ ನೋಡಿ ನಡೆಯುತ್ತದೆ. ಆ ಗಂಟೆಗಳು ದಿನದ ಗಡಿಯಾರದವಲ್ಲ, ರನ್ ಶುರುವಾದಾಗಿನಿಂದ ಎಣಿಸಿದವು, ಆದ್ದರಿಂದ ಎರಡನೇ ದಿನ ಕೆರೆಯ ಪಂಪು ಏಳುವುದೇ ಇಲ್ಲ; ಮೊದಲು ಕಂಟ್ರೋಲ್ಸ್‌ನಲ್ಲಿ ಅದರ AT TIME ಸಾಲುಗಳನ್ನು AT CLOCKTIME (1 AM, 3 PM) ಮಾಡಿಕೊಳ್ಳಿ. ಅದರ ಎಲ್ಲ ಜಂಕ್ಷನ್ನುಗಳ ಬೇಡಿಕೆಯನ್ನೂ ಹೈಡ್ರಾಲಿಕ್ಸ್ ಆಯ್ಕೆಯ ಡಿಮ್ಯಾಂಡ್ ಮಲ್ಟಿಪ್ಲೈಯರ್‌ನಲ್ಲಿ 1.0ರಿಂದ 1.2, 1.4 ಎಂದು ಏರಿಸುತ್ತ, ಒಟ್ಟು ಅವಧಿಯನ್ನು 72 ಗಂಟೆಗೆ ಹಿಗ್ಗಿಸಿ ಮೂರೂ ಟ್ಯಾಂಕುಗಳ ಮಟ್ಟದ ಗ್ರಾಫು ತೆಗೆಯಿರಿ. 24ನೇ ಗಂಟೆಯ ಮಟ್ಟ, 48ರದ್ದು, 72ರದ್ದು ಪಕ್ಕಪಕ್ಕ ಬರೆದುಕೊಳ್ಳಿ. ದಿನದಿಂದ ದಿನಕ್ಕೆ ಮಟ್ಟ ಇಳಿಯುತ್ತ ಹೋದರೆ, ಜಂಕ್ಷನ್ನುಗಳ ಒತ್ತಡ ಇನ್ನೂ ಚೆನ್ನಾಗಿ ಕಾಣುತ್ತಿದ್ದರೂ, ರಾತ್ರಿ ತುಂಬಿಸುವ ಶಕ್ತಿ ಅಷ್ಟಕ್ಕೇ ಮುಗಿದಿದೆ. ಆ ಗುಣಕದಾಚೆಗೆ ಪಂಪು ಅಥವಾ ಟ್ಯಾಂಕಿಗೆ ನೀರೇರಿಸುವ ಏರುಪೈಪು ಬದಲಾಗಬೇಕು, ಬೀದಿಯ ಪೈಪುಗಳಲ್ಲ.